ಎಲೆಯೊಳಗೆ ಹರಿದ ಎಳೆಯ ಬೆನ್ನುಹತ್ತಿದ ಆಂಟನ್ ಡಿ ಬಾರಿ

ಮಳೆ ಬಿರುಸಾಗಿ ನಾಲ್ಕಾರು ದಿನ ಬಿಸಿಲಿನ ಸುಳಿವೇ ಇಲ್ಲದಂತಾದರೆ ಮಲೆನಾಡಿನ ಅಡಿಕೆ ಬೆಳೆಗಾರರ ದೃಷ್ಟಿ ಮರದ ತುದಿಯತ್ತ ಹೊರಳುತ್ತದೆ. ಎಳೆಯ ಕಾಯಿಗಳ ಮೇಲೆ ನೀರು ಕುಡಿದಂತಹ ಕಲೆ ಮೂಡಿ, ಅದರ ಮೇಲೆ ಬಿಳಿಯ ಬೂಷ್ಟು ಆವರಿಸಿ, ಕಾಯಿಗಳು ಒಂದೊಂದಾಗಿ ಉದುರತೊಡಗಿದರೆ ಅದು ಕೊಳೆರೋಗ. ಇದನ್ನು ತಡೆಯಲು ಮಳೆ ಹಿಡಿಯುವ ಮೊದಲೇ ಮರವೇರಿ ಗೊನೆಗಳಿಗೆ ಸಿಂಪಡಿಸುವ ಮೈಲುತುತ್ತು ಮತ್ತು ಸುಣ್ಣದ ನೀಲಿ ದ್ರಾವಣ ಅಲ್ಲಿನವರಿಗೆಲ್ಲ ಪರಿಚಿತ. ಈ ರೋಗಕಾರಕದ ಕುಲಕ್ಕೆ ‘ಫೈಟಾಫ್ತೊರಾ’ ಎಂದು 1876ರಲ್ಲಿ ಹೆಸರಿಟ್ಟವರು ಆಂಟನ್ ಡಿ ಬಾರಿ ಎಂಬ ಜರ್ಮನ್ ಸಸ್ಯವಿಜ್ಞಾನಿ. ನೀಲಿ ದ್ರಾವಣವನ್ನು ಜಗತ್ತಿಗೆ ಕೊಟ್ಟವರು ಅವರ ಶಿಷ್ಯರಲ್ಲೊಬ್ಬರು. ಹೆಸರಿನ ಅರ್ಥ ‘ಸಸ್ಯನಾಶಕ’.

ಡಿ ಬಾರಿ ಅವರನ್ನು ಶಿಲೀಂಧ್ರವಿಜ್ಞಾನದ ಹಾಗೂ ಸಸ್ಯರೋಗವಿಜ್ಞಾನದ ಪಿತಾಮಹ ಎಂದು ಪಠ್ಯಪುಸ್ತಕಗಳು ಕರೆಯುತ್ತವೆ. ಪಿತಾಮಹ ಪಟ್ಟ ಕಟ್ಟಿ ಮುಂದೆ ಸಾಗುವುದು ನಮ್ಮ ಪಠ್ಯಪುಸ್ತಕಗಳ ಅಭ್ಯಾಸ. ಅವರು ನಿಜವಾಗಿ ಮಾಡಿದ್ದೇನು ಎಂಬುದು ಅಲ್ಲಿ ಸಿಗುವುದು ಅಪರೂಪ.

ವೈದ್ಯನ ಮಗ

ಹೈನ್ರಿಕ್ ಆಂಟನ್ ಡಿ ಬಾರಿ ಜನಿಸಿದ್ದು 1831ರ ಜನವರಿ 26ರಂದು, ಫ್ರಾಂಕ್‌ಫರ್ಟ್ ನಗರದಲ್ಲಿ. ತಂದೆ ವೈದ್ಯರು. ಬಿಡುವಿನ ದಿನಗಳಲ್ಲಿ ಊರಿನ ನಿಸರ್ಗಪ್ರಿಯರೊಂದಿಗೆ ಹೊಲ, ಕಾಡು ಅಲೆದು ಗಿಡ, ಪಾಚಿ, ಅಣಬೆಗಳನ್ನು ಸಂಗ್ರಹಿಸಲು ಮಗನಿಗೆ ಮನೆಯಲ್ಲಿ ಪ್ರೋತ್ಸಾಹವಿತ್ತು. ಅದೇ ನಗರದ ಸೆಂಕೆನ್‌ಬರ್ಗ್ ಸಂಸ್ಥೆಯಲ್ಲಿ ಸಸ್ಯಶಾಸ್ತ್ರ ಬೋಧಿಸುತ್ತಿದ್ದ ವೈದ್ಯ ಗೇಯಾರ್ಗ್ ಫ್ರೆಸೇನಿಯಸ್ ಅವರು ಬಾಲಕನ ಕೈಗೆ ಸೂಕ್ಷ್ಮದರ್ಶಕದ ರುಚಿ ಹತ್ತಿಸಿದರು. ಬರಿಗಣ್ಣಿಗೆ ಕಾಣದ ಜೀವಿಗಳ ಮೇಲಿನ ಈ ಮೋಹ ಕೊನೆಯವರೆಗೂ ಬಿಡಲಿಲ್ಲ.

ಹೈಡೆಲ್‌ಬರ್ಗ್, ಮಾರ್‌ಬುರ್ಗ್, ಬರ್ಲಿನ್‌ಗಳಲ್ಲಿ ಓದಿ 1853ರಲ್ಲಿ ಅವರು ವೈದ್ಯ ಪದವಿ ಪಡೆದರು. ಆದರೆ ಪ್ರೌಢಪ್ರಬಂಧದ ವಿಷಯ ಸಸ್ಯಗಳ ಸಂತಾನೋತ್ಪತ್ತಿ! ಅದೇ ವರ್ಷ ಬೆಳೆಗಳ ಕಾಡಿಗೆ ರೋಗ ಮತ್ತು ತುಕ್ಕು ರೋಗಗಳ ಶಿಲೀಂಧ್ರಗಳನ್ನು ಕುರಿತ ಅವರ ಪುಸ್ತಕವೂ ಹೊರಬಂದಿತು. ಆಗ ವಯಸ್ಸು ಇಪ್ಪತ್ತೆರಡು. ಫ್ರಾಂಕ್‌ಫರ್ಟ್‌ನಲ್ಲಿ ಕೆಲಕಾಲ ವೈದ್ಯವೃತ್ತಿ ನಡೆಸಿ, ಅದನ್ನು ಕೈಬಿಟ್ಟು ಟ್ಯೂಬಿಂಗೆನ್‌ಗೆ ತೆರಳಿದರು. 1855ರಲ್ಲಿ ಫ್ರೈಬುರ್ಗ್ ವಿಶ್ವವಿದ್ಯಾಲಯದ ಸಸ್ಯಶಾಸ್ತ್ರ ವಿಭಾಗ ಅವರ ಪಾಲಿಗೆ ಬಂದಿತು.

ಕಾರಣವೋ, ಪರಿಣಾಮವೋ?

ಡಿ ಬಾರಿ ಹದಿನಾಲ್ಕು ವರ್ಷದ ಹುಡುಗನಾಗಿದ್ದಾಗ, 1845ರಲ್ಲಿ, ಯುರೋಪಿನ ಆಲೂಗೆಡ್ಡೆ ಹೊಲಗಳು ಕಪ್ಪಾಗಿ ಕೊಳೆತವು. ಬೆಲ್ಜಿಯಂ, ಹಾಲೆಂಡ್, ಜರ್ಮನಿ ಎಲ್ಲೆಡೆ ನಷ್ಟವಾಯಿತು. ಆಲೂಗೆಡ್ಡೆಯನ್ನೇ ಉಂಡು ಬದುಕುತ್ತಿದ್ದ ಐರ್ಲೆಂಡಿನ ಬಡವರಿಗೆ ಮಾತ್ರ ಅದು ಸಾವಿನ ಕರೆಯಾಯಿತು. ಮುಂದಿನ ಕೆಲವೇ ವರ್ಷಗಳಲ್ಲಿ ಅಲ್ಲಿ ಹಸಿವು ಮತ್ತು ಹಸಿವಿನ ಬೆನ್ನಿಗೆ ಬಂದ ಕಾಯಿಲೆಗಳಿಂದ ಸುಮಾರು 10 ಲಕ್ಷ ಜನ ಸತ್ತರು. ಇನ್ನೂ 10 ಲಕ್ಷಕ್ಕೂ ಹೆಚ್ಚು ಜನ ಹಡಗು ಹತ್ತಿ ದೇಶ ಬಿಟ್ಟರು.

ಕೊಳೆತ ಎಲೆಯ ಅಡಿಯಲ್ಲಿ ಬಿಳಿಯ ಬೂಷ್ಟು ಇದ್ದುದನ್ನು ಅನೇಕರು ಕಂಡಿದ್ದರು. ಅದಕ್ಕೆ ಫ್ರಾನ್ಸಿನ ಮೊಂತಾನ್ಯ ಅವರು ಹೆಸರನ್ನೂ ಇಟ್ಟಾಗಿತ್ತು. ಪ್ರಶ್ನೆ ಬೂಷ್ಟು ಇದೆಯೇ ಎಂಬುದಲ್ಲ, ಅದು ರೋಗದ ಕಾರಣವೋ ಪರಿಣಾಮವೋ ಎಂಬುದು. ಹೆಚ್ಚಿನ ವಿದ್ವಾಂಸರ ಉತ್ತರ ಪರಿಣಾಮ ಎಂದಿತ್ತು. ಅತಿ ಮಳೆ, ಶೀತ, ಕೆಟ್ಟ ಗಾಳಿ, ಹಲವು ವರ್ಷ ಗೆಡ್ಡೆಯಿಂದಲೇ ಬೆಳೆಸಿದ್ದರಿಂದ ಬಂದ ದೌರ್ಬಲ್ಯ ಮುಂತಾದವುಗಳಿಂದ ಗಿಡದ ರಸ ಕೆಡುತ್ತದೆ, ಕೆಟ್ಟ ರಸವೇ ಬೂಷ್ಟಾಗಿ ಹೊಮ್ಮುತ್ತದೆ ಎಂಬುದು ಅವರ ವಾದ. ಮನುಷ್ಯರ ಮೈಮೇಲೆ ಗುಳ್ಳೆ ಏಳುವಂತೆ ಗಿಡದ ಮೈಮೇಲೆ ಶಿಲೀಂಧ್ರ ಏಳುತ್ತದೆ ಎಂದು ಆಸ್ಟ್ರಿಯಾದ ಫ್ರಾನ್ಜ್ ಉಂಗರ್ ಅವರಂಥ ಘನ ವಿದ್ವಾಂಸರೇ ಬರೆದಿದ್ದರು. ಇಂಗ್ಲೆಂಡಿನ ಪಾದ್ರಿ ಮೈಲ್ಸ್ ಬರ್ಕ್ಲಿ 1846ರಲ್ಲಿ ಶಿಲೀಂಧ್ರವೇ ಕಾರಣವೆಂದು ಗಟ್ಟಿಯಾಗಿ ಹೇಳಿದರಾದರೂ ಪ್ರಯೋಗದ ಬಲ ಅವರಿಗಿರಲಿಲ್ಲ.

ಇದು ಬರೀ ಪಂಡಿತರ ಜಗಳವಲ್ಲ. ಬೂಷ್ಟು ಪರಿಣಾಮವೇ ಆದರೆ ರೈತ ಮಾಡಬಹುದಾದುದು ಏನೂ ಇಲ್ಲ, ಹವಾಮಾನವನ್ನು ಬೈಯಬಹುದು ಅಷ್ಟೆ. ಕಾರಣವಾದರೆ ಅದು ಎಲ್ಲಿಂದ ಬರುತ್ತದೆ, ಎಲ್ಲಿ ಅಡಗುತ್ತದೆ, ಯಾವ ಬಾಗಿಲಲ್ಲಿ ತಡೆಯಬಹುದು ಎಂದು ಹುಡುಕಬಹುದು.

ಡಿ ಬಾರಿ ಹಿಡಿದ ದಾರಿ ಕೇಳಲು ತೀರ ಸರಳ. ಒಂದು ಬೀಜಕ ಮೊಳೆತು ಮತ್ತೆ ಬೀಜಕಗಳನ್ನು ಬಿಡುವವರೆಗೆ ಅದರ ಮೇಲಿನ ಕಣ್ಣನ್ನು ಕೀಳಬಾರದು ಎಂಬುದೇ ಆ ದಾರಿ. ಅಂದಿನ ಹಲವರು ಒಣಗಿದ ಮಾದರಿಗಳನ್ನು ನೋಡಿ, ಇಲ್ಲೊಂದು ಹಂತ ಅಲ್ಲೊಂದು ಹಂತ ಕಂಡು, ನಡುವಿನದನ್ನು ಊಹಿಸುತ್ತಿದ್ದರು. ಇವರು ಜೀವಂತ ಎಲೆಯ ಮೇಲೆ ಬೀಜಕ ಬಿತ್ತಿ, ಗಂಟೆಗಂಟೆಗೂ ಎಲೆಯ ತೆಳು ಸೀಳುಗಳನ್ನು ಸೂಕ್ಷ್ಮದರ್ಶಕದಡಿ ಇಟ್ಟು ನೋಡಿದರು.

ಕಂಡದ್ದನ್ನು 1861ರಲ್ಲಿ ಆಲೂಗೆಡ್ಡೆ ರೋಗದ ಕಾರಣ ಮತ್ತು ತಡೆ ಕುರಿತ ಕಿರುಹೊತ್ತಗೆಯಲ್ಲಿ ಪ್ರಕಟಿಸಿದರು. ನಿಂಬೆಯಾಕಾರದ ಬೀಜಕಚೀಲ ನೀರಿನ ಹನಿಯಲ್ಲಿ ಬಿದ್ದೊಡನೆ ಒಡೆದು, ಎರಡೆರಡು ಬಾಲಗಳುಳ್ಳ ಸಣ್ಣ ಬೀಜಕಗಳು ಹೊರಬಿದ್ದು ಈಜುತ್ತವೆ. ಸ್ವಲ್ಪ ಹೊತ್ತಿನಲ್ಲಿ ಬಾಲ ಕಳಚಿ ಎಲೆಯ ಮೇಲೆ ನೆಲೆಯೂರಿ, ಒಂದು ಮೊಳಕೆಯ ಎಳೆಯನ್ನು ಚಾಚಿ ಒಳಹೊಗುತ್ತವೆ. ಒಳಗೆ ಆ ಎಳೆ ಕವಲೊಡೆದು ಜೀವಕೋಶಗಳ ನಡುವಿನ ಸಂದುಗಳಲ್ಲಿ ಹರಿಯುತ್ತದೆ. ಅದು ಹರಿದಲ್ಲಿ ಅಂಗಾಂಶ ಕಪ್ಪಾಗುತ್ತದೆ. ಕೊನೆಗೆ ಪತ್ರರಂಧ್ರಗಳಿಂದ ಎಳೆಗಳು ಹೊರಕ್ಕೆ ಇಣುಕಿ, ಪುಟ್ಟ ಮರದಂತೆ ಟಿಸಿಲೊಡೆದು, ತುದಿಗಳಲ್ಲಿ ಹೊಸ ಬೀಜಕಚೀಲಗಳನ್ನು ಹೊರುತ್ತವೆ. ಕಣ್ಣಿಗೆ ಕಾಣುವ ಬೂಷ್ಟು ಇದೇ. ಬೀಜಕ ಹಾಕಿದ ಎಲೆ ಕೊಳೆಯಿತು. ಅದೇ ತೇವ, ಅದೇ ಗಾಳಿಯಲ್ಲಿ ಬೀಜಕ ಹಾಕದೆ ಇಟ್ಟ ಎಲೆ ಹಸಿರಾಗಿಯೇ ಉಳಿಯಿತು. ಬೀಜಕಗಳು ಮಳೆನೀರಿನೊಂದಿಗೆ ಮಣ್ಣಿಗಿಳಿದು ಗೆಡ್ಡೆಗೆ ತಗಲುವುದನ್ನೂ, ಗೆಡ್ಡೆಯೊಳಗಿನ ಎಳೆಗಳು ಚಳಿಗಾಲ ಕಳೆದು ಮುಂದಿನ ಬೆಳೆಗೆ ರೋಗ ಹೊತ್ತೊಯ್ಯುವುದನ್ನೂ ಅವರು ಗುರುತಿಸಿದರು. ಎಲೆಯ ಬೀಜಕಗಳಿಂದ ಗೆಡ್ಡೆ ಕೊಳೆಯುವುದನ್ನು ಸ್ಪೇರ್‌ಷ್ನೈಡರ್ ಎಂಬವರು 1857ರಲ್ಲಿಯೇ ತೋರಿಸಿದ್ದರೆಂಬುದನ್ನು ಇಲ್ಲಿ ಹೇಳಲೇಬೇಕು. ಇಡೀ ಸರಪಳಿಯನ್ನು ಕೊಂಡಿ ತಪ್ಪದಂತೆ ಜೋಡಿಸಿದವರು ಡಿ ಬಾರಿ.

ಹಾಸನ ಸೀಮೆಯ ರೈತರು ಅಂಗಮಾರಿ ಎಂದು ಕರೆಯುವ ರೋಗ ಇದೇ. ರೋಗವಿಲ್ಲದ ಬಿತ್ತನೆ ಗೆಡ್ಡೆಯನ್ನೇ ಆರಿಸಬೇಕೆಂಬ ಸಲಹೆಯ ಬೇರು ಇರುವುದು 1861ರ ಆ ಕಿರುಹೊತ್ತಗೆಯಲ್ಲಿ.

ಎಳೆಯ ನಡೆ

ಶಿಲೀಂಧ್ರವೆಂದರೆ ನಮಗೆ ನೆನಪಾಗುವುದು ಕೊಡೆಯಂಥ ಅಣಬೆ. ಅದು ಹಣ್ಣಿದ್ದಂತೆ. ಮೈ ಇರುವುದು ಮಣ್ಣಿನಲ್ಲಿ, ಮರದಲ್ಲಿ, ಎಲೆಯಲ್ಲಿ ಹರಡಿಕೊಂಡ ಎಳೆಗಳ ಜಾಲದಲ್ಲಿ. ವಿಜ್ಞಾನಿಗಳು ಹೈಫಾ ಎಂದು ಕರೆಯುವ ಒಂದೊಂದು ಎಳೆಯ ದಪ್ಪ ಸಾಮಾನ್ಯವಾಗಿ ಮಿಲಿಮೀಟರಿನ ಸಾವಿರದ ಎರಡರಿಂದ ಹತ್ತು ಪಾಲು ಮಾತ್ರ. ಅದು ಬೆಳೆಯುವುದು ತುದಿಯಲ್ಲಿ. ಹಿಂದಿನಿಂದ ಸಾಗಿಬಂದ ಸೂಕ್ಷ್ಮ ಚೀಲಗಳು ತುದಿಗೆ ಸೇರಿ ಹೊಸ ಗೋಡೆ ಕಟ್ಟುವ ಸಾಮಗ್ರಿಯನ್ನು ಸುರಿಯುತ್ತವೆ, ಒಳಗಿನ ನೀರಿನ ಒತ್ತಡ ಮೆತ್ತನೆಯ ತುದಿಯನ್ನು ಮುಂದಕ್ಕೆ ನೂಕುತ್ತದೆ. ಬ್ರೆಡ್ಡಿನ ಮೇಲೆ ಬೆಳೆಯುವ ಕಿತ್ತಳೆ ಬಣ್ಣದ ನ್ಯೂರೋಸ್ಪೋರಾ ಎಂಬ ಬೂಷ್ಟಿನಲ್ಲಿ ಈ ಮುನ್ನಡೆ ಗಂಟೆಗೆ ಸುಮಾರು 4 ಮಿಲಿಮೀಟರ್. ನಾವು ಉಂಡು ಹೊಟ್ಟೆಯೊಳಗೆ ಜೀರ್ಣಿಸುತ್ತೇವೆ. ಎಳೆ ಮೊದಲು ಹೊರಕ್ಕೆ ಕಿಣ್ವ ಸುರಿಸಿ ಸುತ್ತಲಿನದನ್ನು ಜೀರ್ಣಿಸಿ, ಆಮೇಲೆ ಹೀರುತ್ತದೆ. ಜೀವಕೋಶದ ಗೋಡೆ ತೂರಿ ಒಳಗೆ ಚಾಚುವ ಹೀರುಕುಡಿಗೆ ‘ಹಾಸ್ಟೋರಿಯಂ’ ಎಂಬ ಹೆಸರು ಕೊಟ್ಟವರೂ ಡಿ ಬಾರಿ ಅವರೇ.

ಇಂದಿನ ಜ್ಞಾನದ ಪ್ರಕಾರ ಆಲೂಗೆಡ್ಡೆಯ ಅಂಗಮಾರಿ, ಅಡಿಕೆಯ ಕೊಳೆರೋಗಗಳನ್ನು ತರುವ ಫೈಟಾಫ್ತೊರಾ ನಿಜವಾದ ಶಿಲೀಂಧ್ರವಲ್ಲ. ಎಳೆಯಾಗಿ ಬೆಳೆಯುವುದರಲ್ಲಿ ಹೋಲಿಕೆಯಿದ್ದರೂ ಅದರ ಹತ್ತಿರದ ನೆಂಟರು ಸಮುದ್ರದ ಕಂದು ಪಾಚಿಗಳು. ಹತ್ತೊಂಬತ್ತನೆಯ ಶತಮಾನದಲ್ಲಿ ಇದು ಯಾರಿಗೂ ತಿಳಿದಿರಲಿಲ್ಲ. ಆದರೆ ಲೋಳೆಬೂಷ್ಟುಗಳು ಶಿಲೀಂಧ್ರಗಳಲ್ಲವೆಂದು, ಪ್ರಾಣಿಗಳ ಕಡೆಗೆ ಬಾಗುವ ಬೇರೆಯೇ ಜೀವಿಗಳೆಂದು 1859ರಲ್ಲಿ ವಾದಿಸಿದವರು ಡಿ ಬಾರಿಯೇ. ಎಳೆಯಾಗದೆ ಅಮೀಬಾದಂತೆ ಹರಿದಾಡುವ ಅವುಗಳ ನಡೆಯನ್ನು ನೋಡಿಯೇ ಅವರು ಆ ತೀರ್ಮಾನಕ್ಕೆ ಬಂದಿದ್ದರು.

ಆಲೂಗೆಡ್ಡೆಯ ನಂತರ ಗೋಧಿಯ ಕಾಂಡದ ತುಕ್ಕು ರೋಗ. ಹೊಲದ ಬೇಲಿಯಲ್ಲಿ ಬಾರ್ಬೆರಿ ಎಂಬ ಮುಳ್ಳುಪೊದೆ ಇದ್ದಲ್ಲಿ ಗೋಧಿಗೆ ತುಕ್ಕು ಹಿಡಿಯುತ್ತದೆಂದು ರೈತರು ಬಹುಕಾಲದಿಂದ ಹೇಳುತ್ತಿದ್ದರು. ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ 1755ರಲ್ಲಿಯೇ ಬಾರ್ಬೆರಿ ಕಡಿಯಲು ಕಾಯ್ದೆ ಬಂದಿತ್ತು. ಸಸ್ಯಶಾಸ್ತ್ರಜ್ಞರು ಇದನ್ನು ಹಳ್ಳಿಗರ ಮೂಢನಂಬಿಕೆ ಎಂದು ನಕ್ಕಿದ್ದರು. ಡಿ ಬಾರಿ ತುಕ್ಕಿನ ಚಳಿಗಾಲದ ಬೀಜಕಗಳನ್ನು ಮೊಳೆಯಿಸಿ, ಅವುಗಳಿಂದ ಹುಟ್ಟಿದ ಸಣ್ಣ ಬೀಜಕಗಳನ್ನು ಧಾನ್ಯದ ಎಲೆಗೆ ಹಚ್ಚಿದರೆ ಏನೂ ಆಗಲಿಲ್ಲ. ಬಾರ್ಬೆರಿಯ ಎಲೆಗೆ ಹಚ್ಚಿದಾಗ ಎಳೆ ಒಳಹೊಕ್ಕು ಕಿತ್ತಳೆ ಬಣ್ಣದ ಪುಟ್ಟ ಬಟ್ಟಲುಗಳು ಮೂಡಿದವು. ಆ ಬಟ್ಟಲುಗಳ ಬೀಜಕವನ್ನು ರೈ ಧಾನ್ಯದ ಎಲೆಗೆ ಹಚ್ಚಿದರೆ ತುಕ್ಕು! ಬೇರೆಬೇರೆ ಹೆಸರಿನ ಎರಡು ಜೀವಿಗಳೆಂದು ತಿಳಿದಿದ್ದುದು ಒಂದೇ ಜೀವಿಯ ಎರಡು ಮನೆಗಳೆಂದು 1865–66ರ ಈ ಪ್ರಯೋಗಗಳಿಂದ ಸ್ಥಿರಪಟ್ಟಿತು. ಹಳ್ಳಿಗರು ಗೆದ್ದರು. 1918ರಿಂದ ಅಮೆರಿಕ ಸರ್ಕಾರ ನಡೆಸಿದ ಬಾರ್ಬೆರಿ ನಿರ್ಮೂಲನ ಆಂದೋಲನಕ್ಕೆ ಇದೇ ಆಧಾರ. ನಮ್ಮ ದೇಶದ ಕಥೆ ಬೇರೆ. ಇಲ್ಲಿ ತುಕ್ಕು ಬಾರ್ಬೆರಿಯನ್ನು ಅವಲಂಬಿಸದೆ, ಬಯಲಿನ ಬೇಸಿಗೆಯನ್ನು ತಪ್ಪಿಸಿಕೊಂಡು ತಂಪು ಬೆಟ್ಟಗಳ ಮೇಲೆ ಉಳಿದು ಅಲ್ಲಿಂದ ಇಳಿದುಬರುತ್ತದೆ ಎಂಬುದನ್ನು ಆಗ್ರಾದ ಕೆ.ಸಿ. ಮೆಹ್ತಾ ಅವರು ಮುಂದೆ ತೋರಿಸಿಕೊಟ್ಟರು.

ಸ್ಟ್ರಾಸ್‌ಬರ್ಗ್‌ನ ಗುರುಕುಲ

1867ರಲ್ಲಿ ಹಾಲೆ ವಿಶ್ವವಿದ್ಯಾಲಯಕ್ಕೆ ತೆರಳಿದ ಡಿ ಬಾರಿ, ಅದೇ ಕಾಲಕ್ಕೆ ‘ಬೊಟಾನಿಶೆ ಝೈಟುಂಗ್’ ಎಂಬ ಸಸ್ಯಶಾಸ್ತ್ರ ಪತ್ರಿಕೆಯ ಸಂಪಾದಕತ್ವವನ್ನೂ ವಹಿಸಿಕೊಂಡರು. ಫ್ರಾನ್ಸ್–ಪ್ರಷ್ಯಾ ಯುದ್ಧದ ಬಳಿಕ ಸ್ಟ್ರಾಸ್‌ಬರ್ಗ್ ಜರ್ಮನಿಯ ವಶವಾಗಿ ಅಲ್ಲಿ 1872ರಲ್ಲಿ ವಿಶ್ವವಿದ್ಯಾಲಯ ಹೊಸದಾಗಿ ಆರಂಭವಾದಾಗ ಅದರ ಮೊದಲ ರೆಕ್ಟರ್ ಆದವರೂ ಅವರೇ. 1884ರಲ್ಲಿ ಉದ್ಘಾಟನೆಯಾದ, ಅವರು ರೂಪಿಸಿದ ಸಸ್ಯೋದ್ಯಾನ ಆ ನಗರದಲ್ಲಿ ಈಗಲೂ ಇದೆ.

ಅವರ ಪ್ರಯೋಗಾಲಯಕ್ಕೆ ರಷ್ಯಾ, ಇಂಗ್ಲೆಂಡ್, ಅಮೆರಿಕ, ಫ್ರಾನ್ಸ್‌ಗಳಿಂದ ವಿದ್ಯಾರ್ಥಿಗಳು ಬಂದರು. ರಷ್ಯಾದ ವೊರೊನಿನ್ ಫ್ರೈಬುರ್ಗ್ ಕಾಲದ ಶಿಷ್ಯರು. ಬೆಳಕಿಲ್ಲದೆ ಗಂಧಕದಿಂದ ಶಕ್ತಿ ಪಡೆದು ಬದುಕುವ ಬ್ಯಾಕ್ಟೀರಿಯಾವನ್ನು ವಿನೊಗ್ರಾಡ್‌ಸ್ಕಿ ಕಂಡದ್ದು ಸ್ಟ್ರಾಸ್‌ಬರ್ಗ್‌ನಲ್ಲಿ. ಅಮೆರಿಕದ ಫಾರ್ಲೊ ಅಲ್ಲಿ ಕಲಿತು ಹಾರ್ವರ್ಡ್‌ನಲ್ಲಿ ಶಿಲೀಂಧ್ರ ಅಧ್ಯಯನ ಬೆಳೆಸಿದರು. ಸಿಲೋನಿನ ಕಾಫಿ ತೋಟಗಳನ್ನು ಹಾಳುಗೆಡವಿದ ತುಕ್ಕು ರೋಗವನ್ನು 1880ರಿಂದ 1882ರವರೆಗೆ ಅಲ್ಲಿಯೇ ನೆಲೆಸಿ ಅಭ್ಯಸಿಸಿದ ಇಂಗ್ಲೆಂಡಿನ ಮಾರ್ಷಲ್ ವಾರ್ಡ್ ಕೂಡ ಅವರ ಬಳಿ ಕೆಲಸ ಮಾಡಿದವರು. ಕೊಡಗು, ಚಿಕ್ಕಮಗಳೂರಿನ ಬೆಳೆಗಾರರಿಗೆ ಆ ತುಕ್ಕಿನ ಪರಿಚಯ ಹೊಸದಾಗಿ ಮಾಡಿಕೊಡಬೇಕಿಲ್ಲ.

ಎಳೆಯೆಂದರೆ ಹಂತಕ ಎಂದಷ್ಟೇ ಡಿ ಬಾರಿ ಭಾವಿಸಿದ್ದರೆ ಅವರ ಕಥೆ ಅರ್ಧಕ್ಕೇ ಮುಗಿಯುತ್ತಿತ್ತು. ಬಂಡೆ ಮತ್ತು ಮರದ ತೊಗಟೆಯ ಮೇಲೆ ಹಬ್ಬುವ ಕಲ್ಲುಹೂವು ನಮ್ಮ ಅಡುಗೆಮನೆಯ ಮಸಾಲೆ ಡಬ್ಬಿಯಲ್ಲಿಯೂ ಇರುತ್ತದೆ. ಅದು ಒಂದು ಗಿಡವಲ್ಲ, ಪಾಚಿಯ ಕಣಗಳನ್ನು ಶಿಲೀಂಧ್ರದ ಎಳೆಗಳು ತಬ್ಬಿ ಕಟ್ಟಿಕೊಂಡ ಕೂಡುಸಂಸಾರ. ಕೆಲವು ಕಲ್ಲುಹೂವುಗಳ ವಿಷಯದಲ್ಲಿ ಇಂಥ ಸಾಧ್ಯತೆಯನ್ನು ಡಿ ಬಾರಿ 1866ರ ತಮ್ಮ ಗ್ರಂಥದಲ್ಲಿ ಮುಂದಿಟ್ಟರು. ಎಲ್ಲ ಕಲ್ಲುಹೂವುಗಳೂ ಹೀಗೆಯೇ ಎಂದು ಸ್ವಿಸ್ ವಿಜ್ಞಾನಿ ಶ್ವೆಂಡೆನರ್ ಶೀಘ್ರದಲ್ಲೇ ಸಾರಿದರು. ಶ್ವೆಂಡೆನರ್ ದೃಷ್ಟಿಯಲ್ಲಿ ಎಳೆ ಯಜಮಾನ, ಪಾಚಿ ಗುಲಾಮ. ಡಿ ಬಾರಿ 1878ರಲ್ಲಿ ಕಾಸೆಲ್ ನಗರದ ವಿಜ್ಞಾನಿಗಳ ಸಭೆಯಲ್ಲಿ ಮಾತನಾಡುತ್ತ ಇನ್ನೂ ಅಗಲವಾದ ಚೌಕಟ್ಟನ್ನು ಕೊಟ್ಟರು. ಬೇರೆ ಬೇರೆ ಹೆಸರಿನ ಜೀವಿಗಳು ಒಟ್ಟಿಗೆ ಬದುಕುವುದಕ್ಕೆಲ್ಲ ‘ಸಿಂಬಯೋಸಿಸ್’ ಎಂದರು. ಅದರ ಒಂದು ತುದಿಯಲ್ಲಿ ಕೊಲ್ಲುವ ಪರಾವಲಂಬಿತನ, ಇನ್ನೊಂದು ತುದಿಯಲ್ಲಿ ಪರಸ್ಪರ ಉಪಕಾರ, ನಡುವೆ ಎಷ್ಟೋ ಮೆಟ್ಟಿಲುಗಳು. ಇಂದು ನಾವು ಸಹಜೀವನವೆಂದರೆ ಬರೀ ಸ್ನೇಹ ಎಂದುಕೊಳ್ಳುತ್ತೇವೆ. ಅವರ ಅರ್ಥ ಅದಾಗಿರಲಿಲ್ಲ.

ಬಾರ್ಬೆರಿ ಪ್ರಯೋಗವೇ ಅವರ ಶ್ರೇಷ್ಠ ಸಾಧನೆಯೆಂದು ಸಾಮಾನ್ಯವಾಗಿ ಎಣಿಸಲಾಗುತ್ತದೆ. ಈ ಲೇಖಕನ ಮಟ್ಟಿಗೆ ಅವರ ಕೊನೆಯ ದಿನಗಳ ಕೆಲಸ ಇನ್ನಷ್ಟು ಕುತೂಹಲಕರ. 1886ರಲ್ಲಿ ಪ್ರಕಟವಾದ ಈ ಅಧ್ಯಯನದ ವಸ್ತು ಸ್ಕ್ಲೆರೊಟೀನಿಯಾ ಎಂಬ ಶಿಲೀಂಧ್ರ. ಕ್ಯಾರೆಟ್, ಹುರುಳಿಕಾಯಿ ಮೊದಲಾದವುಗಳನ್ನು ಬಿಳಿ ಹತ್ತಿಯಂಥ ಬೂಷ್ಟಿನಿಂದ ಮುಚ್ಚಿ ಕೊಳೆಯಿಸುವುದು ಇದರ ಸ್ವಭಾವ. ಇದರ ಎಳೆ ಗಟ್ಟಿಯಾದ ಮೇಲ್ಮೈಗೆ ತಾಗಿದರೆ ತುದಿಗಳು ಗುಂಪಾಗಿ ಕವಲೊಡೆದು ಅಂಟಿಕೊಳ್ಳುವ ಕುಚ್ಚುಗಳಾಗುತ್ತವೆ. ಗಾಜಿಗೆ ತಾಗಿದರೂ ಅಷ್ಟೆ. ಅಂದರೆ ಎಳೆ ತಾನು ತಾಗಿದ್ದನ್ನು ಅರಿತು ತನ್ನ ರೂಪವನ್ನೇ ಬದಲಿಸುತ್ತದೆ. ಎರಡನೆಯದಾಗಿ, ಎಳೆ ತಲುಪುವ ಮೊದಲೇ ಜೀವಕೋಶಗಳು ಸಾಯುತ್ತಿದ್ದವು. ಕೊಳೆತ ಕ್ಯಾರೆಟ್ಟಿನ ರಸ ಹಿಂಡಿ ಆರೋಗ್ಯವಂತ ತುಂಡಿನ ಮೇಲೆ ಹಾಕಿದರೆ, ಶಿಲೀಂಧ್ರವೇ ಇಲ್ಲದಿದ್ದರೂ ಆ ತುಂಡು ಮೆತ್ತಗಾಗಿ ಬಿಡಿಬಿಡಿಯಾಯಿತು. ರಸವನ್ನು ಕುದಿಸಿದರೆ ಆ ಶಕ್ತಿ ಹೋಯಿತು. ಎಳೆ ಬರೀ ಬಲದಿಂದ ನುಗ್ಗುವುದಿಲ್ಲ, ಮುಂದಿನ ನೆಲವನ್ನು ರಸಾಯನದಿಂದ ಹದಗೊಳಿಸಿ ಹೋಗುತ್ತದೆ ಎಂಬುದಕ್ಕೆ ಸಿಕ್ಕ ಮೊದಲ ಗಟ್ಟಿ ಸಾಕ್ಷ್ಯಗಳಲ್ಲಿ ಇದೂ ಒಂದು.

1887ರಲ್ಲಿ ಮ್ಯಾಂಚೆಸ್ಟರ್‌ನ ವಿಜ್ಞಾನ ಸಮ್ಮೇಳನಕ್ಕೆ ಹೋಗಿಬಂದ ಡಿ ಬಾರಿ ಅವರಿಗೆ ದವಡೆಯ ಗಡ್ಡೆ ಕಾಣಿಸಿಕೊಂಡಿತು. ಶಸ್ತ್ರಚಿಕಿತ್ಸೆ ಫಲಿಸಲಿಲ್ಲ. 1888ರ ಜನವರಿ 19ರಂದು, 57ನೆಯ ಹುಟ್ಟುಹಬ್ಬಕ್ಕೆ ಒಂದು ವಾರವಿರುವಾಗ, ಸ್ಟ್ರಾಸ್‌ಬರ್ಗ್‌ನಲ್ಲಿ ನಿಧನರಾದರು. ಪತ್ನಿ ಆಂಟೋನಿ ಮತ್ತು ನಾಲ್ವರು ಮಕ್ಕಳ ಸಂಸಾರ ಅವರದು.

ನೀಲಿ ದ್ರಾವಣದ ಹಾದಿ

ಶಿಲೀಂಧ್ರ ಹೊರಗಿನಿಂದ ಎಲೆಯ ಮೇಲೆ ಬಿದ್ದು, ಮೊಳೆತು, ಆಮೇಲೆ ಒಳಹೊಗುವುದಾದರೆ ಅದನ್ನು ಬಾಗಿಲಲ್ಲೇ ತಡೆಯಬಹುದು. ಈ ತರ್ಕ ಫಲ ಕೊಟ್ಟಿದ್ದು ಫ್ರಾನ್ಸಿನ ದ್ರಾಕ್ಷಿ ತೋಟಗಳಲ್ಲಿ. ಅಮೆರಿಕದಿಂದ ಬಂದ ಬೂಜು ರೋಗ 1878ರ ಹೊತ್ತಿಗೆ ಅಲ್ಲಿ ಕಾಣಿಸಿಕೊಂಡಿತ್ತು. ಡಿ ಬಾರಿಯವರ ಬಳಿ ಕಲಿತು ಬೋರ್ಡೊ ನಗರದಲ್ಲಿ ಪ್ರಾಧ್ಯಾಪಕರಾಗಿದ್ದ ಪಿಯೆರ್ ಮಿಲ್ಲಾರ್ಡೆ 1882ರಲ್ಲಿ ಒಂದು ವಿಚಿತ್ರವನ್ನು ಗಮನಿಸಿದರು. ದಾರಿಹೋಕರು ಹಣ್ಣು ಕದಿಯದಿರಲೆಂದು ರಸ್ತೆಬದಿಯ ಬಳ್ಳಿಗಳಿಗೆ ಮೈಲುತುತ್ತು, ಸುಣ್ಣ ಕಲಸಿ ಎರಚಿದ್ದರು. ಆ ಬಳ್ಳಿಗಳ ಎಲೆ ಮಾತ್ರ ಉಳಿದಿತ್ತು. ರಸಾಯನಶಾಸ್ತ್ರಜ್ಞ ಗಾಯೋಂ ಅವರ ನೆರವಿನಿಂದ ಪ್ರಯೋಗ ನಡೆಸಿ 1885ರಲ್ಲಿ ಅವರು ಪ್ರಕಟಿಸಿದ್ದೇ ಬೋರ್ಡೊ ದ್ರಾವಣ. ಬೀಜಕಕ್ಕೆ ತಾಮ್ರ ಮುಳುವೆಂಬ ತಿಳಿವಳಿಕೆ ಇರದಿದ್ದರೆ ಆ ಎಲೆಗಳು ಯಾರ ಗಮನವನ್ನೂ ಸೆಳೆಯುತ್ತಿರಲಿಲ್ಲವೇನೋ.

ಮೈಸೂರು ಸಂಸ್ಥಾನ 1908ರಲ್ಲಿ ನೇಮಿಸಿಕೊಂಡ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಕೊಳೆರೋಗದ ಅಧ್ಯಯನಕ್ಕಿಳಿದಾಗ ಅವರ ಮುಂದಿದ್ದುದು ಇದೇ ಪರಂಪರೆ. 1910ರಲ್ಲಿ ಅವರು ರೋಗಕಾರಕವನ್ನು ಡಿ ಬಾರಿ ಹೆಸರಿಸಿದ್ದ ಫೈಟಾಫ್ತೊರಾ ಆಮ್ನಿವೊರಾದ ಒಂದು ಬಗೆಯೆಂದು ಗುರುತಿಸಿ, ಅಡಿಕೆಯ ಹೆಸರನ್ನೇ ಅದಕ್ಕೆ ಸೇರಿಸಿದರು. ಮಲೆನಾಡಿಗರು ಅಲ್ಲಿಯವರೆಗೆ ಗೊನೆಗಳಿಗೆ ಹುಲ್ಲಿನ ಕೊಟ್ಟೆ ಕಟ್ಟಿ ಮಳೆಯಿಂದ ಕಾಯುತ್ತಿದ್ದರು. ನೀರಿಲ್ಲದೆ ಬೀಜಕ ಈಜಲಾರದಾದ್ದರಿಂದ ಅದೂ ಅರ್ಥವಿಲ್ಲದ ಉಪಾಯವೇನಲ್ಲ. ಕೋಲ್ಮನ್ ಬೋರ್ಡೊ ಸಿಂಪಡಣೆಯನ್ನು ತೋಟಗಳಲ್ಲಿ ಮಾಡಿ ತೋರಿಸಿದರು. 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ, 100 ಲೀಟರ್ ನೀರು ಎಂಬ ಇಂದಿನ ಅಳತೆ ಬೆಳೆಗಾರರಿಗೆ ಬಾಯಿಪಾಠ.

ಡಿ ಬಾರಿ ಅವರಿಗೆ ಸಿಗದೆಹೋದದ್ದು ಒಂದಿತ್ತು. ಫೈಟಾಫ್ತೊರಾದ ಹತ್ತಿರದ ಸಂಬಂಧಿಗಳಲ್ಲಿ ಗಂಡು, ಹೆಣ್ಣು ಅಂಗಗಳು ಕೂಡಿ ದಪ್ಪಗೋಡೆಯ ವಿಶ್ರಾಂತ ಬೀಜಕಗಳು ಹುಟ್ಟುವುದನ್ನು ಅವರು ಕಂಡಿದ್ದರು. ಆಲೂಗೆಡ್ಡೆಯ ರೋಗದಲ್ಲಿ ಎಷ್ಟು ಹುಡುಕಿದರೂ ಅವು ಕಾಣಲಿಲ್ಲ. ಇಂಗ್ಲೆಂಡಿನ ವರ್ದಿಂಗ್‌ಟನ್ ಸ್ಮಿತ್ 1875ರಲ್ಲಿ ಅವನ್ನು ಕಂಡೆನೆಂದು ಪ್ರಕಟಿಸಿದಾಗ ಇಂಗ್ಲೆಂಡಿನ ರಾಯಲ್ ಕೃಷಿ ಸಂಘದ ಕೋರಿಕೆಯ ಮೇರೆಗೆ ನಡೆಸಿದ್ದ ತನಿಖೆಯ ವರದಿಯಲ್ಲಿ, 1876ರಲ್ಲಿ, ಡಿ ಬಾರಿ ಅದನ್ನು ತಳ್ಳಿಹಾಕಿದರು. ತಮಗೆ ಸಿಕ್ಕಿಲ್ಲವೆಂದೂ ಬರೆದರು. ಅವರ ಕಣ್ಣು ತಪ್ಪಿರಲಿಲ್ಲ. ಆ ಬೀಜಕಗಳು ಹುಟ್ಟಲು ಎ1, ಎ2 ಎಂಬ ಎರಡು ಗುಂಪಿನ ಎಳೆಗಳು ಸಂಧಿಸಬೇಕು. ಎರಡೂ ಒಟ್ಟಿಗೆ ಇರುವುದು 1950ರ ದಶಕದಲ್ಲಿ ಮೆಕ್ಸಿಕೋದಲ್ಲಿ ಪತ್ತೆಯಾಯಿತು. ಯುರೋಪಿನಲ್ಲಿ ಎ2 ಗುಂಪು ಕಾಣಿಸಿಕೊಂಡದ್ದು 1980ರ ದಶಕದಲ್ಲಿ, ಅಂದರೆ ಡಿ ಬಾರಿ ತೀರಿಕೊಂಡು ಹೆಚ್ಚುಕಡಿಮೆ ಒಂದು ಶತಮಾನದ ನಂತರ. ದಕ್ಷಿಣ ಭಾರತದ ಆಲೂಗೆಡ್ಡೆ, ಟೊಮೆಟೊ ಹೊಲಗಳನ್ನು 2008ರ ಬಳಿಕ ತೀವ್ರವಾಗಿ ಕಾಡಿದ ಅಂಗಮಾರಿಯ ಹಿಂದೆ ಇದ್ದುದು ಅದೇ ಗುಂಪಿನ, ಯುರೋಪಿನಿಂದ ಬಂದ ಒಂದು ವಂಶ.